ಬೆಳಕು ನೋಡಲು ತೆಗೆದ ಫೋಟೋ

ಕ್ಯಾಮೆರಾ ಕಂಡರೆ ಅವನ ಹೆಂಡತಿ ಮಾರು ದೂರ ಓಡುತ್ತಿದ್ದಳು. ಫೋಟೋಗ್ರಾಫರನನ್ನು ಕಟ್ಟಿಕೊಂಡು ಹೀಗೆ ಎಂದರೆ ಯಾರೂ ನಂಬುತ್ತಿರಲಿಲ್ಲ. ನೆಂಟರ ಗುಂಪಿನಲ್ಲಿ ಎಳೆದು ತಂದು ನಿಲ್ಲಿಸಿದರೂ ಪಕ್ಕದವರ ಬೆನ್ನ ಹಿಂದೆ ಸರಿದುಬಿಡುವಳು. ಆದರೆ ಸ್ಟುಡಿಯೋದಲ್ಲಿ, ಗಿರಾಕಿ ಬರುವ ಮುಂಚೆ ಲೈಟು ಸರಿಯಿದೆಯೇ ಎಂದು ನೋಡಬೇಕಾದಾಗ ಮಾತ್ರ, ಕರೆದ ಕೂಡಲೇ ಬಂದು ಕುರ್ಚಿಯಲ್ಲಿ ಕೂರುತ್ತಿದ್ದಳು. ಅದು ಫೋಟೋ ಅಲ್ಲವಂತೆ, ಕೆಲಸವಂತೆ. ಕೂತಷ್ಟು ಹೊತ್ತೂ ಗಂಡನನ್ನು ಆಡಿಕೊಂಡು, ಸೊಟ್ಟ ಹಲ್ಲು ಕಾಣುವಂತೆ ನಗುವಳು. ಅವನು ಒಂದೆರಡು ಕ್ಲಿಕ್ ಮಾಡಿ ಬೆಳಕು ಸರಿಪಡಿಸಿಕೊಂಡು, ಸಂಜೆಗೆ ಅವನ್ನೆಲ್ಲ ಅಳಿಸುವನು. ಕೆಲಸಕ್ಕೆ ಬಾರದ್ದನ್ನು ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ. ಬಲು ಅಚ್ಚುಕಟ್ಟು ಮನುಷ್ಯ. ಆ ಅಚ್ಚುಕಟ್ಟಿಗಿಷ್ಟು ಬೆಂಕಿ ಹಾಕ.

ಮಂಡಿನೋವಿನ ಮುಲಾಮು ಮಾಡುವ ಕಂಪನಿಯೊಂದು ಡಬ್ಬಿಯ ಮೇಲೆ ಹಾಕಲು ಫೋಟೋ ತೆಗೆದುಕೊಡುವಂತೆ ಕರೆಯಿತು. ಒಪ್ಪಂದಕ್ಕೆ ಅವನು ಎಂದಿನಂತೆ ಕಣ್ಣುಮುಚ್ಚಿ ಸಹಿ ಹಾಕಿದ. ಅದರಲ್ಲಿ, ಕೆಲಸದ ದಿನ ತೆಗೆದ ಪ್ರತಿಯೊಂದು ಚಿತ್ರವೂ ಕಂಪನಿಯ ಸ್ವತ್ತು, ಒಂದನ್ನೂ ಅಳಿಸದೆ ಒಪ್ಪಿಸಬೇಕು, ತನ್ನ ಬಳಿ ಪ್ರತಿ ಉಳಿಸಿಕೊಳ್ಳಬಾರದು ಎಂದಿತ್ತು. ಅಂದೂ ಲೈಟು ನೋಡಲು ಹೆಂಡತಿಯೇ ಕೂತಿದ್ದಳು. ಎಲ್ಲವನ್ನೂ ಒಪ್ಪಿಸಿದ, ತನ್ನ ಬಳಿಯ ಪ್ರತಿಗಳನ್ನು ಅಳಿಸಿದ. ಕಂಪನಿಯವರು ಮೇಕಪ್ಪು ಮಾಡಿಕೊಂಡು ಬಂದಿದ್ದ ಮಾಡೆಲನ್ನು ಬಿಟ್ಟು ಇವಳನ್ನು ಆರಿಸಿದರು. ಇವಳಿಗೋ ನಗು ತಡೆಯಲಿಲ್ಲ. "ರೀ, ನಾನೀಗ ಮಂಡಿನೋವಿನ ಮಹಾರಾಣಿ, ಮಾತಾಡಿಸೋವಾಗ ಸ್ವಲ್ಪ ಮರ್ಯಾದೆ ಇರಲಿ" ಎಂದು ತಿಂಗಳುಗಟ್ಟಲೆ ಸತಾಯಿಸಿದಳು.

ವರ್ಷ ತಿರುಗುವಷ್ಟರಲ್ಲಿ ಅವಳು ಹೋಗಿಬಿಟ್ಟಳು. ತಲೆನೋವು ಎಂದು ಮಲಗಿದವಳು ಏಳಲಿಲ್ಲ. ಅವನು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದ, ನೀರು ಕೊಟ್ಟ. ಕೂತು ಕೂತು ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಮೈಯೆಲ್ಲ ಹಿಡಿದಿತ್ತು.

ಗೋಡೆಗೆ ಹಾಕಲು ಅಕ್ಕನದೊಂದು ಫೋಟೋ ಕೊಡಿ ಭಾವ ಎಂದು ಹೆಂಡತಿಯ ತಮ್ಮ ಕೇಳಿದಾಗ ಮನೆಯಲ್ಲಿ ಸಿಕ್ಕಿದ್ದು ಗುರುತಿನ ಚೀಟಿಯದು ಮಾತ್ರ. ಅದರಲ್ಲಿ ಅವಳು ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತಿದ್ದಳು. ಕೊನೆಗೆ ತಮ್ಮನೇ ಅಂಗಡಿಯಿಂದ ಮುಲಾಮಿನ ಡಬ್ಬಿ ತಂದ. ಹೆಬ್ಬೆರಳಿನಷ್ಟು ಮುಖ, ಗಲ್ಲದ ಮೇಲೆ ಅಕ್ಷರ. ನರೆಗೂದಲಿಗೆ ಕಪ್ಪು ಬಳಿದು, ಸೊಟ್ಟ ಹಲ್ಲನ್ನೂ ನೆಟ್ಟಗೆ ಮಾಡಿದ್ದರು. ಇದು ಅಕ್ಕ ಅಲ್ಲ ಎಂದ ತಮ್ಮ. ಅಸಲಿ ಅವಳು ಇದ್ದದ್ದು ಕಂಪನಿಯ ಕಂಪ್ಯೂಟರಿನಲ್ಲಿ ಮಾತ್ರ.

ಒಂದು ಪ್ರತಿ ಕೇಳಲು ಅವನು ಕಂಪನಿಗೆ ಹೋದ. ಒಪ್ಪಂದಗಳನ್ನು ನೋಡಿಕೊಳ್ಳುವ ಹೆಂಗಸು ಕೂರಿಸಿ, ಕಾಫಿ ತರಿಸಿ, ಎಲ್ಲವನ್ನೂ ಕೇಳಿಸಿಕೊಂಡರು. ತೀರಿಹೋದಳು ಎಂದಾಗ ಅವರ ಮುಖ ನಿಜವಾಗಿಯೂ ಬಾಡಿತು. ಮೇಲಿನವರನ್ನು ಕೇಳಿ ಬರುತ್ತೇನೆ ಎಂದು ಎದ್ದು ಹೋದವರು ಬಹಳ ಹೊತ್ತು ಬರಲಿಲ್ಲ. ಬಂದವರು ತಲೆ ತಗ್ಗಿಸಿಯೇ ಹೇಳಿದರು: ತೀರಿಹೋದವರ ಚಿತ್ರವನ್ನು ಔಷಧಿಯ ಮೇಲೆ ಇಡುವಂತಿಲ್ಲ, ಡಬ್ಬಿ ಬದಲಾಗುತ್ತದೆ, ಅವರ ಚಿತ್ರಗಳನ್ನು ಎಲ್ಲ ಕಡೆಯಿಂದ ತೆಗೆಸಿ ಆಯಿತು, ಹೊರಗಿನವರಿಗೆ ಪ್ರತಿ ಕೊಡಲು ಮೇಲಿನವರು ಒಪ್ಪಲಿಲ್ಲ.

"ತೆಗೆಸಿ ಅಂದರೆ, ಅಳಿಸಿಬಿಟ್ಟರಾ?"

"ಈಗಷ್ಟೇ. ನನ್ನ ಎದುರಿಗೇ."

ಸತ್ತಳೆಂದು ಹೇಳದೆ ಇದ್ದಿದ್ದರೆ ಇನ್ನೂ ಇರುತ್ತಿತ್ತು ಎಂದು ಅವನಿಗೆ ಹೊಳೆಯಿತು. ಬೇರೆ ಯಾರದೋ ವಿಷಯದಂತೆ ಹೊಳೆಯಿತು. ಕಾಫಿ ಕುಡಿದು ಮುಗಿಸಿದ.

"ಒಂದು ಮಾತು ಸರ್" ಎಂದರು ಆಕೆ. "ಲೈಟು ನೋಡೋಕೆ ತೆಗೆದಿದ್ದು ನನಗಿರಲಿ ಅಂತ ಅವತ್ತೇ ನೀವು ಅಂದಿದ್ದರೆ, ಒಪ್ಪಂದದ ಆ ಸಾಲು ಹೊಡೆದು ಹಾಕ್ತಿದ್ದೆ. ನಮಗೇನು ನಷ್ಟ? ಯಾರೂ ಕೇಳೋದೇ ಇಲ್ಲ."

ಹೊಸ ಡಬ್ಬಿಗೆ ಹೊಸ ಫೋಟೋ ಬೇಕಿತ್ತು. ಆಕೆ ಹಿಂಜರಿಯುತ್ತಲೇ ಕೇಳಿದರು, ಅವನು ಹೂಂ ಎಂದ. ಮಾನ ಇದ್ದವನು ಎದ್ದು ಬರುತ್ತಿದ್ದ ಎಂದು ಆಮೇಲೆ ಭಾವಮೈದುನ ಹಾರಾಡಿದ. ಎದ್ದು ಬರಲೂ ಒಂದಿಷ್ಟು ಸಿಟ್ಟು ಬೇಕಲ್ಲ, ಅದು ಅವನಲ್ಲಿ ಇರಲಿಲ್ಲ. ಈ ಸಲ ಒಪ್ಪಂದವನ್ನು ಬೆರಳಿಟ್ಟು ಓದಿದ. ಬೆಳಕು ನೋಡಲು ತೆಗೆದವು ಫೋಟೋಗ್ರಾಫರನಿಗೇ ಸೇರತಕ್ಕವು ಎಂದು ಬರೆಸಿದ. ಆಕೆ ಕೂಡಲೇ ಸಹಿ ಹಾಕಿದರು.

ಕೆಲಸದ ದಿನ ಮಾಡೆಲ್ ಒಳಗೆ ಮೇಕಪ್ಪಿನಲ್ಲಿದ್ದಳು. ಅವನು ಲೈಟು ನಿಲ್ಲಿಸಿ, ಕುರ್ಚಿ ಎಳೆದು, ಅಭ್ಯಾಸಬಲದಿಂದ "ಬಾರೇ" ಎಂದುಬಿಟ್ಟ. ಮೂಲೆಯಲ್ಲಿ ನಿಂತಿದ್ದ ಕಂಪನಿಯ ಹೆಂಗಸು ನೆಲ ನೋಡಿದರು. ಅವನು ಕುರ್ಚಿಯನ್ನೇ ಕ್ಲಿಕ್ಕಿಸಿದ. ಬೆಳಕು ಚೆನ್ನಾಗಿ ಬಿದ್ದಿತ್ತು. ಇನ್ನೊಂದು ತೆಗೆದ.

"ಇವು ನಿಮ್ಮವು ಅಲ್ವಾ ಸರ್?" ಎಂದು ಆಕೆ ಮೆಲ್ಲಗೆ ಕೇಳಿದರು.

"ಹೂಂ" ಎಂದ. "ಇವು ನನ್ನವೇ."