ನೂರೈವತ್ತು ಹೆಜ್ಜೆ ಆಚೆ ಕಾಣೆಯಾದ ಅಂಗಡಿ

ನಮ್ಮ ಸೋದರಮಾವನ ಅಂಗಡಿ ಕಾಣೆಯಾಗಿತ್ತು. ಕಳ್ಳರು ಹೊತ್ತೊಯ್ದಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ. ದೊಡ್ಡ ರಸ್ತೆಯ ಹಳೆಯ ಕಟ್ಟಡವನ್ನು ಮಾಲೀಕರು ಕೆಡವಿಸಿದ್ದರಿಂದ ಮಾವ ತಮ್ಮ ಹೊಲಿಗೆ ಯಂತ್ರ ರಿಪೇರಿ ಅಂಗಡಿಯನ್ನು ಹಿಂದಿನ ಓಣಿಯ ಮೊದಲ ಮಹಡಿಗೆ, ತಮ್ಮ ಮನೆಯ ಮುಂಗೋಣೆಗೆ, ಸಾಗಿಸಿದ್ದರು. ದೂರ ಎಂದರೆ ನೂರೈವತ್ತು ಹೆಜ್ಜೆ. ಅಷ್ಟಕ್ಕೇ ಮೂವತ್ತು ವರ್ಷದ ಗಿರಾಕಿಗಳೆಲ್ಲ ಮಾಯ. ಮೂರು ತಿಂಗಳಲ್ಲಿ ಆ ಮೆಟ್ಟಿಲು ಹತ್ತಿದವರೆಂದರೆ ಪಕ್ಕದ ಕಟ್ಟಡದ ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಬಂದವರೇ. ದವಡೆ ಹಿಡಿದುಕೊಂಡು ಒಳಗೆ ಕಾಲಿಡುತ್ತಿದ್ದರು, ಮಾವನ ಕೈಯಲ್ಲಿದ್ದ ಇಕ್ಕಳ ನೋಡುತ್ತಿದ್ದರು, ಸದ್ದಿಲ್ಲದೆ ಇಳಿದುಹೋಗುತ್ತಿದ್ದರು.

ಸುದ್ದಿ ತಿಳಿದು ಮಾವನ ಷಡ್ಡಕ, ಅಂದರೆ ಅತ್ತೆಯ ತಂಗಿಯ ಗಂಡ, ಹೇಳಿ ಕಳಿಸಿದರು. ಅವರದು ಬಲ್ಬು, ಫ್ಯಾನು ಮಾರುವ ದೊಡ್ಡ ಅಂಗಡಿ. ಒಂದನೇ ತಾರೀಖಿನಿಂದ ನಮ್ಮ ಕೌಂಟರಿನಲ್ಲಿ ಕೂತುಬಿಡಿ, ತಿಂಗಳ ಕೊನೆಯ ಭಾನುವಾರದೊಳಗೆ ತಿಳಿಸಿ ಎಂದರು. ಬೈದು ಹೇಳಿದ್ದರೆ ಮಾವ ತಡೆದುಕೊಳ್ಳುತ್ತಿದ್ದರು, ಪುಣ್ಯಾತ್ಮರು ಪ್ರೀತಿಯಿಂದ ಹೇಳಿಬಿಟ್ಟರು. ಮೂವತ್ತು ವರ್ಷ ಸ್ವಂತ ಅಂಗಡಿಯ ಗದ್ದಿಗೆಯಲ್ಲಿ ಕೂತವರು ಷಡ್ಡಕನ ಅಂಗಡಿಯಲ್ಲಿ ಬಲ್ಬು ಉರಿಸಿ ತೋರಿಸಬೇಕು. ಆ ದಿನದಿಂದ ಮಾವನಿಗೆ ಊಟ ಸೇರಲಿಲ್ಲ. ಅತ್ತೆ ನನ್ನ ಬಳಿ ಬಂದು ಕಣ್ಣೀರು ಹಾಕಿದರು.

ನಾನು ಶಾಲೆಯ ಸಮವಸ್ತ್ರ ಹೊಲಿಯುವವಳು. ನನಗೆ ನಾಲಿಗೆ ಸ್ವಲ್ಪ ಉದ್ದ, ತಾಳ್ಮೆ ಸ್ವಲ್ಪ ಗಿಡ್ಡ. ಸೀದಾ ಮೆಟ್ಟಿಲು ಹತ್ತಿ, ಮಾವ, ಈಗ ಜನ ಅಂಗಡಿಯನ್ನು ರಸ್ತೆಯಲ್ಲಿ ಹುಡುಕೋದಿಲ್ಲ, ಮೊಬೈಲಿನಲ್ಲಿ ಹುಡುಕುತ್ತಾರೆ, ಒಂದು ವೆಬ್‌ಸೈಟ್ ಮಾಡಿಸಿ ಎಂದೆ. ಮಾವ ತಲೆ ಎತ್ತದೆಯೇ ನನ್ನ ಬಾಯಿ ಮುಚ್ಚಿಸಿದರು.

“ನಂದು ಆಗಲೇ ಇದೆ ಕಣೇ. ಎರಡು ವರ್ಷ ಆಯ್ತು. ಅದರಿಂದ ಒಂದು ಸೂಜಿನೂ ಮಾರಾಟ ಆಗಿಲ್ಲ.”

ಹೆಗಲಿಗೆ ಬ್ಯಾಗು ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯುವ ಯಾರೋ ಬ್ಯಾಗಿನವನು ಬಂದು ಮಾಡಿಕೊಟ್ಟು ಹೋಗಿದ್ದನಂತೆ. ಎಲ್ಲಿ, ತೋರಿಸಿ ಎಂದೆ. ತೆರೆದುಕೊಳ್ಳಲು ಅದು ಎಷ್ಟು ಹೊತ್ತು ತೆಗೆದುಕೊಂಡಿತೆಂದರೆ ಅತ್ತೆ ಹೋಗಿ ಬಟ್ಟೆ ಒಣಹಾಕಿ ಬಂದರು. ಕೊನೆಗೂ ಬಂತು. ಮೊದಲು ಶಹನಾಯಿ ಬಾರಿಸಿತು. ಆಮೇಲೆ ಮೇಲಿನಿಂದ ಗುಲಾಬಿ ಹೂವು ಉದುರಿದವು. ಹೂವಿನ ನಡುವೆ ಕೋಟು ತೊಟ್ಟ ಮಾವ, ಯಾರದೋ ಕಾರಿಗೆ ಒರಗಿ ನಿಂತು ನಗುತ್ತಿದ್ದರು. ಅವರ ಕೆಳಗೆ ಅವರ ತಂದೆ, ತಂದೆಯ ಕೆಳಗೆ ತಾತ. ಮಾಡುವ ಕೆಲಸ ಏನು ಎಂಬಲ್ಲಿ ‘ಯಂತ್ರಲೋಕದಲ್ಲಿ ಮೂರು ತಲೆಮಾರುಗಳ ನಿಸ್ವಾರ್ಥ ಸೇವೆ’ ಎಂದಿತ್ತು. ವಿಳಾಸ ಎಂಬಲ್ಲಿ ‘ದೊಡ್ಡ ರಸ್ತೆ, ಎಲ್ಲರಿಗೂ ಗೊತ್ತಿರುವ ಜಾಗ’ ಎಂದಿತ್ತು. ಆ ಜಾಗದಲ್ಲಿ ಈಗ ಪಾಯದ ಗುಂಡಿ ತೋಡಿ ನೀರು ನಿಂತಿದೆ.

ಫೋನ್ ನಂಬರ್ ಎಲ್ಲಿ ಎಂದು ಮೇಲಿಂದ ಕೆಳಗೆ ಮೂರು ಸಲ ಜಾಲಾಡಿದೆ. ಇರಲಿಲ್ಲ. ಬೇಕೆಂದೇ ಹಾಕಿಸಿಲ್ಲ ಎಂದರು ಮಾವ.

“ಹಾಕಿದ್ರೆ ಕಂಡಕಂಡವರೆಲ್ಲ ಫೋನ್ ಮಾಡ್ತಾರೆ.”

“ಕಂಡಕಂಡವರು ಮಾಡ್ಲಿ ಅಂತಾನೇ ಅಲ್ವಾ ಮಾವ ಅಂಗಡಿ ಇಡೋದು?” ಎಂದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಮಾವನನ್ನು ಎಳೆದುಕೊಂಡು ಜೆರಾಕ್ಸ್ ಅಂಗಡಿಗೆ ಹೋದೆ. ಆ ಅಂಗಡಿಯಾಕೆ ಸುತ್ತಮುತ್ತಲ ಸಣ್ಣ ಅಂಗಡಿಗಳಿಗೆಲ್ಲ ವೆಬ್‌ಸೈಟ್ ಮಾಡಿಕೊಡುತ್ತಾರೆ, ಜಾಣೆ, ಯಾರ ಮೇಲೂ ರೇಗುವುದಿಲ್ಲ. ಅವರು ಏನೂ ಟೀಕೆ ಮಾಡಲಿಲ್ಲ. ಜೆರಾಕ್ಸಿಗೆ ಕಾಯುತ್ತಿದ್ದ ಅಪರಿಚಿತರೊಬ್ಬರ ಕೈಗೆ ಮೊಬೈಲ್ ಕೊಟ್ಟು, ಇದು ಯಾತರ ಅಂಗಡಿ ಹೇಳಿ ನೋಡೋಣ ಎಂದರು. ಆತ ಕೋಟು ನೋಡಿದರು, ಕಾರು ನೋಡಿದರು, ಹೂವು ನೋಡಿದರು.

“ಇವರು ಯಾವ ಪಕ್ಷದಿಂದ ನಿಂತಿರೋದು?” ಎಂದು ಕೇಳಿದರು.

ಮಾವನ ಮುಖ ಇಂಗು ತಿಂದ ಮಂಗನಂತಾಯಿತು. ನಿಮ್ಮ ಅಂಗಡಿ ಗೊತ್ತಿಲ್ಲದವರ ಕೈಗೆ ಮೊಬೈಲ್ ಕೊಟ್ಟಾಗ ನೀವೇನು ಮಾಡುತ್ತೀರಿ, ಎಲ್ಲಿದ್ದೀರಿ, ಹೇಗೆ ಸಿಗುತ್ತೀರಿ ಎಂಬುದು ಅವರಿಗೆ ಒಂದೇ ನೋಟಕ್ಕೆ ತಿಳಿಯಬೇಕು, ಮಿಕ್ಕದ್ದೆಲ್ಲ ಆಮೇಲೆ ಎಂದರು ಜೆರಾಕ್ಸ್ ಅಂಗಡಿಯಾಕೆ. ಸರಿ, ಇದನ್ನೇ ತಿದ್ದಿಕೊಡಿ ಎಂದೆ. ತಿದ್ದಲು ಪಾಸ್‌ವರ್ಡ್ ಬೇಕಲ್ಲ, ಅದು ಬ್ಯಾಗಿನವನ ಬಳಿ. ವೆಬ್‌ಸೈಟಿನ ಹೆಸರನ್ನೂ ಅವನು ತನ್ನ ಹೆಸರಿನಲ್ಲೇ ನೋಂದಾಯಿಸಿಕೊಂಡಿದ್ದ. ಅವನ ಫೋನ್ ಚಾಲ್ತಿಯಲ್ಲಿರಲಿಲ್ಲ.

“ಅಂಗಡಿ ನಿಮ್ಮದು, ಬೀಗದ ಕೈ ಅವನ ಜೇಬಲ್ಲಿ. ಯಾರಾದ್ರೂ ಹೀಗೆ ಮಾಡ್ತಾರಾ ಯಜಮಾನ್ರೇ?” ಎಂದರು ಆಕೆ.

ಹೊಸದನ್ನೇ ಶುರು ಮಾಡಿದೆವು. ಹೆಸರು ಮಾವನ ಹೆಸರಿನಲ್ಲಿ, ಮಾವನದೇ ಇಮೇಲಿನಿಂದ. ಪಾಸ್‌ವರ್ಡ್ ಬರೆದ ಚೀಟಿ ಅತ್ತೆಯ ಕಬ್ಬಿಣದ ಬೀರುವಿನಲ್ಲಿ. ಬ್ಯಾಂಕಿನವರೆಂದೋ ಕಂಪನಿಯವರೆಂದೋ ಹೇಳಿಕೊಂಡು ಯಾರು ಫೋನಿನಲ್ಲಿ ಕೇಳಿದರೂ ಅದನ್ನು ಹೇಳಕೂಡದು ಎಂದು ಜೆರಾಕ್ಸ್ ಅಂಗಡಿಯಾಕೆ ಎರಡು ಸಲ ಎಚ್ಚರಿಸಿದರು. ವರ್ಷಕ್ಕೊಮ್ಮೆ ಆ ಹೆಸರನ್ನು ನವೀಕರಿಸಬೇಕು, ಮರೆತರೆ ಅದು ಬೇರೆಯವರ ಪಾಲು ಎಂದೂ ಹೇಳಿದರು.

ಏನು ಬರೆಯಬೇಕು ಎಂಬಲ್ಲಿ ಮತ್ತೆ ಜಟಾಪಟಿ. ಮಾವ ವಂಶದ ಕಥೆಯನ್ನು ಏಳು ಹಾಳೆ ಬರೆದು ತಂದರು. ತಾತ ಇನ್ನೂ ಹುಟ್ಟುವುದಕ್ಕೇ ಮೂರನೇ ಹಾಳೆ ಬರಬೇಕಿತ್ತು. ಬೇಡ ಎಂದರೆ ಮುನಿಸು. ಆಗ ಜೊತೆಗೆ ಬಂದಿದ್ದ ಅತ್ತೆ, ಎಂದೂ ನಾಲ್ಕು ಜನರ ಮುಂದೆ ಬಾಯಿ ಬಿಡದವರು, ಮೆಲ್ಲಗೆ ಹೇಳಿದರು.

“ಇವರು ಮೆಷಿನ್ ಬಿಚ್ಚೋ ಮುಂಚೆ ಕಣ್ಣು ಮುಚ್ಚಿ ಅದರ ಸದ್ದು ಕೇಳ್ತಾರೆ. ಕೇಳಿದ ಕೂಡಲೇ ಎಲ್ಲಿ ಕೆಟ್ಟಿದೆ ಅಂತ ಹೇಳ್ತಾರೆ. ಅದನ್ನ ಬರೀರಿ.”

ಅದೇನು ಮಹಾ, ಡಂಗುರ ಸಾರುವಂಥದ್ದಾ ಎಂದು ಮಾವ ನಾಚಿಕೊಂಡರು. ಜೆರಾಕ್ಸ್ ಅಂಗಡಿಯಾಕೆ ಆಗಲೇ ಬರೆದು ಮುಗಿಸಿದ್ದರು: ‘ಹೊಲಿಗೆ ಯಂತ್ರ ರಿಪೇರಿ. ಫೋನ್ ಮಾಡಿ, ನಿಮ್ಮ ಯಂತ್ರದ ಸದ್ದು ಕೇಳಿಸಿ, ಏನಾಗಿದೆ ಎಂದು ಹೇಳುತ್ತೇವೆ.’ ಅದರ ಕೆಳಗೆ ಒತ್ತಿದರೆ ಸಾಕು ಕರೆ ಹೋಗುವಂತೆ ನಂಬರು. ತೆರೆದಿರುವ ವೇಳೆ, ವಾರದ ರಜೆಯ ದಿನ. ಓಣಿಯ ಬಾಯಿ ಮತ್ತು ಮೆಟ್ಟಿಲಿನ ಫೋಟೊ. ಮೊಬೈಲಿನ ಮ್ಯಾಪಿನಲ್ಲೂ ಅಂಗಡಿಯ ಗುರುತನ್ನು ಗುಂಡಿಯಿಂದ ಎತ್ತಿ ಓಣಿಗೆ ತಂದಿಟ್ಟರು. ಶಹನಾಯಿ ಹೋಯಿತು, ಹೂವು ಹೋಯಿತು. ಕೋಟಿನ ಬದಲು ಎಣ್ಣೆಗೈಯಲ್ಲಿ ಯಂತ್ರದ ಮುಂದೆ ಕೂತ ಮಾವ. ಈಗ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತಿತ್ತು.

ಮಾಡಿದ ಮರುದಿನವೇ ಜನ ಮುಗಿಬಿದ್ದರು ಎಂದು ನಾನು ಸುಳ್ಳು ಹೇಳುವುದಿಲ್ಲ. ಒಂದು ವಾರ ಫೋನು ಸುಮ್ಮನಿತ್ತು. ಎರಡನೇ ವಾರ ಬಂದ ಕರೆಗಳು ಮಾವನ ಕಿವಿಯನ್ನು ಪರೀಕ್ಷಿಸಲೆಂದೇ ಬಂದಂತಿದ್ದವು. ಒಬ್ಬರು ಸ್ಕೂಟರಿನ ಸದ್ದು ಕೇಳಿಸಿದರು. ಒಬ್ಬಾಕೆ ಗಂಡನ ಗೊರಕೆ ಕೇಳಿಸಿ, ಇದಕ್ಕೇನಾದರೂ ಮಾಡಬಹುದಾ ಎಂದರು. ಎಣ್ಣೆ ಬಿಡಿ ಎಂದು ಮಾವ ಫೋನ್ ಇಟ್ಟರು. ನಿಜವಾದ ಹೊಲಿಗೆ ಯಂತ್ರಗಳು ನಾಲ್ಕೋ ಐದೋ ಬಂದವು, ಸಾಲದು. ಕೊನೆಯ ಶನಿವಾರ ಬಂದಾಗ ಮಾವ ಸೋತಿದ್ದರು. ನಾಳೆ ಷಡ್ಡಕನಿಗೆ ಹೂಂ ಎಂದುಬಿಡುತ್ತೇನೆ ಎಂದು ಉಪಕರಣಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದರು. ಅತ್ತೆಯೂ ನಾನೂ ಪಕ್ಕದಲ್ಲಿ ಕೂತು ಒಂದೊಂದೇ ಎತ್ತಿ ಕೊಡುತ್ತಿದ್ದೆವು.

ಮಧ್ಯಾಹ್ನ ಫೋನ್ ಬಂತು. ಕೈ ಎಣ್ಣೆಯಾಗಿದ್ದರಿಂದ ಮಾವ ಸ್ಪೀಕರಿಗೆ ಹಾಕಿದರು. ನಡುವಯಸ್ಸಿನ ಹೆಂಗಸಿನ ದನಿ. ಮೂವತ್ತು ಹೊಲಿಗೆ ಯಂತ್ರಗಳಿರುವ ಒಂದು ಘಟಕದ ಮೇಲ್ವಿಚಾರಕಿ. ಮಾತಾಡಲು ತುಸು ತಡವರಿಸಿದರು.

“ಅಲ್ಲಾ, ದೊಡ್ಡ ರಸ್ತೇಲಿ ಇದ್ರಲ್ಲ, ಸದ್ದು ಕೇಳಿ ಹೇಳೋರು, ನೀವು ಅವರ ಮಗನಾ?”

“ಅವನೇ ನಾನು ತಾಯಿ.”

ಆಕೆಯ ದನಿ ಏರಿತು.

“ಎರಡು ಸಲ ಬಂದಿದ್ದೆ. ಗುಂಡಿ ಹತ್ತಿರ ಕೇಳಿದ್ರೆ, ಅಂಗಡಿ ಮುಚ್ಚಿಹೋಯ್ತು, ಯಜಮಾನ್ರು ತೀರಿಕೊಂಡಿರಬೇಕು ಅಂದ್ರು. ನಾವೆಲ್ಲ ಎಷ್ಟು ನೊಂದ್ಕೊಂಡ್ವಿ ಗೊತ್ತಾ? ಮೂರು ತಿಂಗಳಿಂದ ಅರ್ಧ ಮೆಷಿನ್ ಮೂಲೇಲಿ ಕೂತಿವೆ. ಇವತ್ತು ಮೊಬೈಲಲ್ಲಿ ನಿಮ್ಮ ಮುಖ ನೋಡಿದ್ರೂ ನಂಬೋಕೇ ಆಗ್ಲಿಲ್ಲ, ಮಗ ಇರಬೇಕು ಅಂದ್ಕೊಂಡೆ.”

ಮಾವ ಅತ್ತೆಯ ಮುಖ ನೋಡಿದರು. ಅತ್ತೆಯ ಕಣ್ಣು ತುಂಬಿತ್ತು. ನನ್ನದೂ, ಯಾಕೆ ಸುಳ್ಳು ಹೇಳಲಿ.

“ಒಂದು ಮೆಷಿನ್ ಓಡಿಸಿ ತಾಯಿ,” ಎಂದು ಮಾವ ಕಣ್ಣು ಮುಚ್ಚಿದರು. ಕಟಕಟ ಸದ್ದು ಬಂತು. ಶಟಲ್ ಸವೆದಿದೆ, ಬೆಲ್ಟ್ ಸಡಿಲವಾಗಿದೆ, ಸೋಮವಾರ ಬೆಳಿಗ್ಗೆ ನಾನೇ ಬರುತ್ತೇನೆ ಎಂದರು. ಮುಂದಿನ ತಿಂಗಳಿಂದ ಅಷ್ಟೂ ಯಂತ್ರಗಳನ್ನು ನೀವೇ ನೋಡಿಕೊಳ್ಳಿ ಎಂದರು ಆಕೆ. ಫೋನ್ ಇಟ್ಟವರೇ ಮಾವ ಷಡ್ಡಕನಿಗೆ ಕರೆ ಮಾಡಿ, ನಿಮ್ಮ ಪ್ರೀತಿ ದೊಡ್ಡದು, ಆದರೆ ನನ್ನ ಅಂಗಡಿ ಬಿಟ್ಟು ಬರೋಕಾಗಲ್ಲ ಎಂದು ತಿಳಿಸಿದರು. ಆಮೇಲೆ ಪೆಟ್ಟಿಗೆಯಿಂದ ಉಪಕರಣ ಹೊರಗೆ ತೆಗೆದು ಜೋಡಿಸಿಕೊಂಡು ಕೂತರು.

ಅಂಗಡಿ ಇಟ್ಟಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೈಯಲ್ಲಿ ಎಷ್ಟೇ ಒಳ್ಳೆಯ ಕಸುಬಿರಲಿ, ಹುಡುಕುವವರಿಗೆ ಸಿಗದಿದ್ದರೆ ನಾಲ್ಕು ಜನ ಸೇರಿ ನಿಮ್ಮನ್ನು ಸತ್ತವರ ಪಟ್ಟಿಗೆ ಸೇರಿಸಿಬಿಡುತ್ತಾರೆ. ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಅಂಗಡಿಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ. ಏನೂ ಬರದಿದ್ದರೆ ಒಂದು ಸರಳ ಪುಟ ಮಾಡಿಸಿ, ನಿಮ್ಮ ಹೆಸರಿನಲ್ಲೇ ಮಾಡಿಸಿ. ಬಂದರೆ ಅದರಲ್ಲಿರುವ ನಂಬರಿಗೆ ನೀವೇ ಒಮ್ಮೆ ಕರೆ ಮಾಡಿ, ಅದರಲ್ಲಿರುವ ವಿಳಾಸಕ್ಕೆ ನೀವೇ ಒಮ್ಮೆ ನಡೆದು ನೋಡಿ. ಅಲ್ಲಿ ನೀವೇ ಸಿಗಬೇಕು, ಗುಂಡಿಯಲ್ಲ.