ನಲವತ್ತು ಕಪ್ಪು ಫೋಟೊ

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ, ಬೆಳಿಗ್ಗೆ ಎಂಟರ ಹೊತ್ತು. ಬನಶಂಕರಿ ಬಡಾವಣೆಯ ಮನೆಯ ನಡುಮನೆಯಲ್ಲಿ, ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಶವದ ಹಣೆಗೆ ವಿಭೂತಿ ಬಳಿಯುತ್ತಿದ್ದ ಗಿರಿಜಾದೇವಿ ಬಾಗಿಲ ಕಡೆ ನೋಡಿ ಕೈ ನಿಲ್ಲಿಸಿದರು. ಯಾರೋ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಅರ್ಪಿತ ಅಂತ, ಆಂಟಿ. ಗುರುಬಸಪ್ಪ ಸಾರ್ ಲ್ಯಾಬಲ್ಲೇ ಇದ್ದೀನಿ."

ಹೆಸರು ಕೇಳಿ ಗಿರಿಜಾದೇವಿಯ ಮುಖ ಬಿಗಿಯಿತು.

"ನಮ್ಮಕ್ಕನೇ ಅತ್ತಿಲ್ಲ, ಇವಳಿಗೇನಂತೆ ಈ ಪಾಟಿ?" ತಮ್ಮ ಕೈಲಾಸ್ ಗೊಣಗಿದ.

*

ಎರಡು ವರ್ಷದ ಹಿಂದೆ ಗಿರಿಜಾದೇವಿಯ ಎದೆಯಲ್ಲಿ ಗಂಟು ಕಾಣಿಸಿ, ಚೂರು ತೆಗೆದು ಪರೀಕ್ಷೆ ಮಾಡಿದ್ದರು. ಡಾಕ್ಟರು ಏನೂ ಇಲ್ಲವೆಂದರು. ಆಕೆ ಅದನ್ನು ಮರೆತೂ ಬಿಟ್ಟರು. ಕಾಲೇಜಿನಲ್ಲಿ ಮೈಕ್ರೋಸ್ಕೋಪಿಗೆ ಗಾಜಿನ ಸ್ಲೈಡ್ ಮಾಡಿಕೊಡುತ್ತಿದ್ದ ಗುರುಬಸಪ್ಪ ಮಾತ್ರ ಆಮೇಲೆ ಬೇರೆಯೇ ಆದರು. ಮನೆಗೆ ಬಂದರೆ ಕಂಪ್ಯೂಟರ್ ಮುಂದೆ. ಹೆಂಡತಿ ಕಾಫಿ ತಂದರೆ ಪರದೆ ಆರಿಸುವುದು. ಫೋನಿನಲ್ಲಿ, "ಅರ್ಪಿತಾ, ಇನ್ನೊಂದ್ಸಲ ಹೇಳ್ಕೊಡಮ್ಮ."

ಒಂದು ಮಧ್ಯಾಹ್ನ ಅವರಿಲ್ಲದಾಗ ಆಕೆ ಕಂಪ್ಯೂಟರ್ ತೆರೆದು ನೋಡಿದರು. ನಲವತ್ತು ಫೋಟೊ, ನಲವತ್ತೂ ಕಗ್ಗಪ್ಪು. ಬಚ್ಚಿಡುವಂಥದ್ದು ಇಲ್ಲದೆ ಯಾರಾದರೂ ಹೀಗೆ ಕಪ್ಪು ಮಾಡಿಡುತ್ತಾರೆಯೇ? ಕೇಳಲಿಲ್ಲ. ಕೇಳದೆಯೇ ದಿನಾ ಅನ್ನ ಬಡಿಸಿದರು.

*

"ಬಾರಮ್ಮ ಇಲ್ಲಿ," ಗಿರಿಜಾದೇವಿ ಎದ್ದರು. "ಆ ಕಪ್ಪು ಫೋಟೊದಲ್ಲಿ ಏನಿದೆ ತೋರ್ಸು. ಇವರು ಮಣ್ಣಿಗೆ ಹೋಗೋದ್ರೊಳಗೆ ನಂಗೆ ಗೊತ್ತಾಗ್ಬೇಕು."

"ಅಕ್ಕಾ, ಹೊತ್ತಾಯ್ತು, ಜನ ಕಾಯ್ತಿದ್ದಾರೆ..."

"ಕಾಯ್ಲಿ. ನಾನು ಎರಡು ವರ್ಷ ಕಾದಿಲ್ವಾ?"

ಅರ್ಪಿತ ಮೂಗೊರೆಸಿಕೊಂಡು ಕಂಪ್ಯೂಟರ್ ಮುಂದೆ ಕುಳಿತಳು. "ಇವು ಮೈಕ್ರೋಸ್ಕೋಪಲ್ಲಿ ತೆಗೆದಿದ್ದು, ಮಾಮೂಲಿ ಫೋಟೊ ಥರ ಓಪನ್ ಮಾಡಿದ್ರೆ ಕಪ್ಪಗೇ ಕಾಣೋದು ಆಂಟಿ. ಇದಕ್ಕೇಂತ ಫ್ರೀ ಸಾಫ್ಟ್‌ವೇರಿದೆ, ನಾನೇ ಹಾಕ್ಕೊಟ್ಟಿದ್ದೆ. ಇದು ಗುರುತು ಹಾಕೋಕೆ ಸಾರ್ ಮಾಡ್ಕೊಂಡಿದ್ದ ಕಾಪಿ. ಒರಿಜಿನಲ್ ಅವ್ರು ಮುಟ್ತಿರ್ಲಿಲ್ಲ."

ಕಪ್ಪಿನ ಮೇಲೆ ಬರೀ ಹಳದಿ ಗುರುತುಗಳು ಕಂಡವು. ಅವಳು ಮೌಸ್ ಎಳೆದು ಬೆಳಕು ಏರಿಸಿದಳು. ಒಂದೊಂದು ಗುರುತಿನ ಪಕ್ಕದಲ್ಲೂ ಒಂದೊಂದು ನೀಲಿ ಕಾಳು ಮೂಡಿತು, ಸಾಸಿವೆ ಚೆಲ್ಲಿದ ಹಾಗೆ.

"ಯಾರದ್ದಿದು?"

"ನಿಮ್ಮದೇ ಆಂಟಿ. ಪರೀಕ್ಷೆಗೆ ಕೊಟ್ಟು ಉಳಿದಿದ್ದ ಚೂರು ಕೇಳಿ ತಂದು, ಸಾರೇ ಬಣ್ಣ ಹಾಕಿದ್ರು. ಡಾಕ್ಟರ್ ಮಾತಿನ ಮೇಲೆ ಅವರಿಗೆ ಅನುಮಾನ. ಈ ಕಾಳೆಲ್ಲ ಜೀವಕೋಶ, ಕ್ಯಾನ್ಸರ್ ಇದ್ಯೇನೋ ಅಂತ ಒಂದೊಂದನ್ನೂ ನೋಡಿ ಗುರುತು ಹಾಕ್ತಿದ್ರು. 'ಅವಳಿಗೆ ಹೇಳ್ಬೇಡ, ಹೆದರ್ಕೋತಾಳೆ' ಅಂತಿದ್ರು."

ಗಿರಿಜಾದೇವಿ ಪರದೆಯ ಹತ್ತಿರಕ್ಕೆ ಬಗ್ಗಿದರು. "ಕೊನೇದು ತೆಗಿ," ಎಂದರು.

ನಲವತ್ತನೆಯದರಲ್ಲಿ ಹಳದಿ ಗುರುತು ಅರ್ಧಕ್ಕೆ ನಿಂತಿತ್ತು. ಗುರುತಿಲ್ಲದ ಮೊದಲ ಕಾಳಿನ ಮೇಲೆ ಆಕೆ ಬೆರಳಿಟ್ಟರು. ಆಮೇಲೆ ಅದರ ಪಕ್ಕದ್ದರ ಮೇಲೆ.

ಅಂದು ಹನ್ನೊಂದಕ್ಕೆ ಗುರುಬಸಪ್ಪ ಮನೆಯಿಂದ ಹೊರಟರು. ಯಾರೂ ಆರಿಸದ ಪರದೆಯ ಮೇಲೆ, ನೀಲಿ ಕಾಳುಗಳ ನಡುವೆ, ವಿಭೂತಿಯ ಬೆರಳಚ್ಚುಗಳು ಒಣಗುತ್ತಿದ್ದವು.