ಕನಸಿಗೊಂದು ಅಡಿಟಿಪ್ಪಣಿ

ನಮ್ಮ ಗೈಡ್ ಷಡಕ್ಷರಿ ಸರ್‌ಗೆ ಹಾಡಿಗಿಂತ ಅಡಿಟಿಪ್ಪಣಿ ಮುಖ್ಯ. ನನ್ನ ಎಂ.ಎ. ಪ್ರಬಂಧದ ಸೋಬಾನೆ ಹಾಡುಗಳನ್ನು ತಿರುವಿಹಾಕಿ, "ಆಕರ ಎಲ್ಲಿದೆಯಮ್ಮ? ಯಾರು ಹೇಳಿದ್ರು, ಯಾರು ಕೇಳಿದ್ರು, ಎಲ್ಲಿ ಕೇಳಿದ್ರು? ಇಲ್ದಿದ್ರೆ ತೆಗೆದುಹಾಕಿ" ಎಂದರು. ಅದೇನು ಮಹಾ ಎಂದುಕೊಂಡು, ಉಪ್ಪಾರಹಳ್ಳಿಯ ನನ್ನ ಬಾಡಿಗೆ ರೂಮಿನಲ್ಲಿ ಕೂತು ಎಲ್ಲ ಹಾಡಿನ ಕೆಳಗೂ 'ಹನುಮಕ್ಕ, ಕೊತ್ತಗೆರೆ' ಎಂದು ಟೈಪ್ ಮಾಡಿದೆ. ಹನುಮಕ್ಕ ಎಂದರೆ ನಮ್ಮಮ್ಮನ ತಾಯಿ; ಮನೆಅಳಿಯನನ್ನು ತಂದುಕೊಂಡು ಹುಟ್ಟಿದ ಮನೆಯಲ್ಲೇ ಉಳಿದವಳು.

ಭಾನುವಾರ ಕುಣಿಗಲ್ ಬಸ್ಸು ಹತ್ತಿ, ಊರಿಗೆ ಹೋಗಿ ಅಜ್ಜಿಗೆ ಓದಿ ಹೇಳಿದೆ. ಹಿಗ್ಗಿ ಹೀರೇಕಾಯಿ ಆಗುತ್ತಾಳೆ ಅಂದುಕೊಂಡಿದ್ದೆ. ಹೆಣ್ಣೊಪ್ಪಿಸುವ ಹಾಡು ಬಂದಾಗ ಕೈ ಅಡ್ಡ ಹಿಡಿದಳು.

"ಇದಕ್ ನನ್ನೆಸ್ರು ಬ್ಯಾಡ ಕಣವ್ವ. ಇದು ನಮ್ಮಕ್ಕಂದು."

ಅಜ್ಜಿಯ ಅಕ್ಕ ಸಿದ್ದಮ್ಮಜ್ಜಿಯನ್ನು ನಾನು ನೋಡಿಲ್ಲ. ಅಮ್ಮ ಹುಟ್ಟುವ ಮೊದಲೇ ತೀರಿಕೊಂಡವಳು. "ಅವ್ರು ಯಾವಾಗ ಹೇಳ್ಕೊಟ್ಟಿದ್ದು?" ಎಂದೆ.

"ಹೋದ್ ಸುಗ್ಗೀಲಿ. ಮಧ್ಯಾಹ್ನ ಈ ಜಗಲಿ ಮ್ಯಾಲೆ ಮಲ್ಗಿದ್ನಾ, ಬಂದು ತಲೆದೆಸೇಲಿ ಕೂತ್ಕೊಂಡ್ಳು. ಒದ್ದೆ ಕೂದ್ಲು, ಕೆರೆ ವಾಸ್ನೆ. ನನ್ ತಲೆ ಬಾಚ್ತಾ ಬಾಚ್ತಾ ಹಾಡಿದ್ಳು. ಎದ್ದಾಗ ಹಾಡು ಬಾಯಲ್ಲೇ ಇತ್ತು. ನನ್ನೆಸ್ರು ಹಾಕಿದ್ರೆ ಮುನಿಸ್ಕೊತಾಳೆ ಕಣೇ. ತಿರ್ಗ ಬರಾಕಿಲ್ಲ."

ತೆಂಗಿನ ಗರಿಗಳ ನೆರಳು ಜಗಲಿಯ ಮೇಲೆ ಮೆಲ್ಲಗೆ ಆಡುತ್ತಿತ್ತು. ನನ್ನ ಬೆನ್ನ ಹಿಂದೆಯೂ ಯಾರೋ ಕೂತಂತಾಗಿ, ತಿರುಗಿ ನೋಡಲು ಧೈರ್ಯ ಬರಲಿಲ್ಲ. ಈ ಹಾಡು ಬಿಟ್ಟರೆ ನನ್ನ ಪ್ರಬಂಧ ಉಪ್ಪಿಲ್ಲದ ಸಾರು. ಅಜ್ಜಿಯ ಹೆಸರು ಹಾಕಿದರೆ ಅವಳಿಗೆ ಅಕ್ಕ ಇಲ್ಲ.

ಸರ್ ಬೈದರೆ ಬೈಯಲಿ ಎಂದು ಲ್ಯಾಪ್‌ಟಾಪ್ ತೆರೆದೆ. ಸಿದ್ದಮ್ಮಜ್ಜಿಯನ್ನು ಗುಬ್ಬಿಗೆ ಕೊಟ್ಟಿದ್ದರೆಂದು ಅಮ್ಮ ಹೇಳಿದ್ದು ನೆನಪಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ನಮ್ಮಲ್ಲಿ ಹೆಣ್ಣಿನ ಊರೆಂದರೆ ಗಂಡನ ಊರೇ. ಹಾಗೇ ಬರೆದು ಗಟ್ಟಿಯಾಗಿ ಓದಿದೆ: "ಹೇಳಿದವರು ಸಿದ್ದಮ್ಮ, ಗುಬ್ಬಿ. ಕೇಳಿದವರು ಅವರ ತಂಗಿ ಹನುಮಕ್ಕ, ಕನಸಿನಲ್ಲಿ."

ಅಜ್ಜಿಯ ಮುಖ ಅರಳಿತು. ಮರುಗಳಿಗೆಯೇ ಬಾಡಿತು.

"ಗುಬ್ಬಿ ಅಳಿಸ್ಬುಡು."

"ಅವ್ರ ಊರು ಅದೇ ಅಲ್ವಾ ಅಜ್ಜಿ?"

"ಮದ್ವೆ ಆದ್ಮ್ಯಾಲೆ ಒಂದ್ ಹಬ್ಬಕ್ಕೂ ಅವ್ಳನ್ನ ತವ್ರಿಗೆ ಕಳಿಸ್ನಿಲ್ಲ ಅವ್ರು. ಅಲ್ಲೇ ಸತ್ಲು. ಈಗ ಬಂದವ್ಳೆ." ಅಜ್ಜಿ ಜಗಲಿಯನ್ನು ಅಂಗೈಯಿಂದ ಸವರಿದಳು. "ಅವ್ಳು ಹಾಡಿದ್ದು ಇಲ್ಲಿ. ಬಂದವ್ಳನ್ನ ತಿರ್ಗ ಗುಬ್ಬಿಗೆ ಕಳಿಸ್ಬ್ಯಾಡ ಕಣವ್ವ."

ಸರ್ ಕೇಳಿದ್ದೂ 'ಎಲ್ಲಿ ಕೇಳಿದ್ರು' ಎಂದೇ ತಾನೇ. ಗುಬ್ಬಿಯನ್ನು ಅಳಿಸಿ, ಸಿದ್ದಮ್ಮಜ್ಜಿಯ ಹೆಸರಿನ ಮುಂದೆ ಕೊತ್ತಗೆರೆ ಎಂದು ಬರೆದೆ.